ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕರುಳು ತಣಿದ ಮೇಲೂ ಸಪ್ಪೆ ಊಟವೇ?

ಪ್ರಶ್ನೆ: ನನಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ರೋಗ) ಇದೆ. ಮಾತ್ರೆ ನುಂಗುತ್ತಿದ್ದೇನೆ. ಎಂಟು ತಿಂಗಳಿಂದ ಮಲದಲ್ಲಿ ರಕ್ತವಿಲ್ಲ, ಭೇದಿಯೂ ಇಲ್ಲ. ಆದರೂ ಹೆದರಿಕೊಂಡು ಬರೀ ಬಿಳಿ ಅನ್ನ, ಬ್ರೆಡ್ ತಿನ್ನುತ್ತೇನೆ. ನಾರಿನಂಶ ಕರುಳನ್ನು ಗೀರುತ್ತದೆ ಎನ್ನುವುದು ನಿಜವೇ?

ಉತ್ತರ: ರೋಗ ಕೆರಳಿದ್ದಾಗಿನ ಪಥ್ಯವನ್ನು ನೀವು ಇನ್ನೂ ಬಿಟ್ಟಿಲ್ಲ. ಈಗ ಅದನ್ನು ಸಡಿಲಿಸಬೇಕು. ನಮಗೆ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯೂಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಅದೇ. ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಟಿ-ಕೋಶಗಳಿಗೂ (ರೋಗನಿರೋಧಕ ಬಿಳಿ ರಕ್ತಕಣಗಳ ಒಂದು ಬಗೆ) ಅದರ ಬಲ ಬೇಕು. ನಾರು ಸಿಗದೆ ಹೋದರೆ ಹೊಟ್ಟೆಯ ಬ್ಯಾಕ್ಟೀರಿಯಾ ಗೋಡೆಗೆ ಹೊದೆಸಿದ ಲೋಳೆಯನ್ನೇ ಮೇಯುತ್ತವೆ ಎಂಬುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಸಿಪ್ಪೆ, ಬೀಜ ತೆಗೆದು ಮೆತ್ತಗೆ ಬೇಯಿಸಿದ ಕ್ಯಾರೆಟ್, ಕುಂಬಳಕಾಯಿ, ಓಟ್ಸ್ ಗಂಜಿ, ಮಾಗಿದ ಬಾಳೆಹಣ್ಣು, ಇವುಗಳಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ಪದಾರ್ಥ, ಎರಡು ಮೂರು ಚಮಚ, ಮೂರು ದಿನ. ಒಗ್ಗಿದರೆ ಅದನ್ನು ದುಪ್ಪಟ್ಟು ಮಾಡಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಬೇಳೆಯನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಗ್ಯಾಸ್ ಕಡಿಮೆ. ಇಸಬ್ಗೋಲ್ ಹೊಟ್ಟನ್ನು ಅರ್ಧ ಚಮಚದಿಂದ ಆರಂಭಿಸಿ. ದೊಡ್ಡ ಲೋಟ ನೀರಿಗೆ ಕಲಸಿದೊಡನೆ ಕುಡಿದು, ಮೇಲೊಂದು ಲೋಟ ನೀರು ಕುಡಿಯಿರಿ. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡರೆ ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಹೊಟ್ಟೆ ಉಬ್ಬರಿಸಿದರೆ ಪ್ರಮಾಣ ಇಳಿಸಿ, ಪೂರ್ತಿ ಬಿಡಬೇಡಿ. ಗ್ಯಾಸ್ ಆದ ಮಾತ್ರಕ್ಕೆ ರೋಗ ಮರಳಿತೆಂದಲ್ಲ. ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ. ಹೊಟ್ಟೆ ಹಗುರವಾಯಿತೆಂದು ಮಾತ್ರೆ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ: ನಾರು ಹೆಚ್ಚಿಸುವ ಈ ಸಲಹೆ ಕ್ರೋನ್ಸ್ ರೋಗದಲ್ಲಿ (ಜೀರ್ಣನಾಳದ ಯಾವ ಭಾಗದಲ್ಲಾದರೂ ಉರಿಯೂತ ತರುವ ದೀರ್ಘಕಾಲದ ರೋಗ) ಕರುಳು ಕಿರಿದಾದವರಿಗಲ್ಲ. ಊಟವಾದ ಮೇಲೆ ಹಿಂಡುವ ನೋವು, ಉಬ್ಬರ, ವಾಂತಿ ಇರುವವರಿಗೆ ಸಿಪ್ಪೆ, ಬೀಜ, ಹಸಿ ಸೊಪ್ಪು, ಇಡಿ ಕಾಳು ಸಿಕ್ಕಿಹಾಕಿಕೊಂಡು ಕರುಳೇ ಕಟ್ಟಬಹುದು. ಇನ್ನು ರೋಗ ಕೆರಳಿದಾಗ ಎಲ್ಲರಿಗೂ ಪ್ರೋಟೀನ್ ಹೆಚ್ಚು ಬೇಕು: ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಉರಿಯೂತ ಸ್ನಾಯುವನ್ನು ಕರಗಿಸುತ್ತದೆ, ಆಗ ಸೋಂಕಿಗೆ ಎದುರು ನಿಲ್ಲುವ ಶಕ್ತಿಯೂ ಕುಗ್ಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿ.

ಪ್ರಶ್ನೆ: ಮಗಳಿಗೆ ಸಿಲಿಯಾಕ್ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ರೋಗ) ಇರಬಹುದೆಂಬ ಅನುಮಾನದಿಂದ ಒಂದು ತಿಂಗಳಿಂದ ಗೋಧಿ ಬಿಡಿಸಿದ್ದೇವೆ. ರಕ್ತ ಪರೀಕ್ಷೆ ಈಗ ಮಾಡಿಸಬಹುದೇ?

ಉತ್ತರ: ಈಗ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು. ಈ ಪರೀಕ್ಷೆ ಹುಡುಕುವ ಪ್ರತಿಕಾಯಗಳು ಗ್ಲುಟೆನ್ ನಿಂತಂತೆ ಇಳಿಯುತ್ತವೆ, ಸವೆದ ಕರುಳಿನ ಪದರವೂ ಚೇತರಿಸಿಕೊಳ್ಳತೊಡಗುತ್ತದೆ. ವೈದ್ಯರಿಗೆ ತಿಳಿಸಿ, ಪರೀಕ್ಷೆಗೆ ಮುಂಚೆ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಕೊಡಿ. ತುಂಬಾ ತೊಂದರೆಯಾದರೆ ಅವಳನ್ನು ನರಳಿಸಬೇಡಿ, ಬೇರೆ ದಾರಿಯ ಬಗ್ಗೆ ವೈದ್ಯರೊಡನೆ ಮಾತಾಡಿ. ರಕ್ತದಲ್ಲಿ ಐಜಿಎ ಎಂಬ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ನೋಡಲು ಹೇಳಿ. ಅದು ಕಡಿಮೆಯಿದ್ದವರಲ್ಲಿ ಮುಖ್ಯ ಪರೀಕ್ಷೆ ತಪ್ಪು ಹೇಳಬಹುದು. ರೋಗ ಖಚಿತವಾದರೆ ಗೋಧಿ, ಬಾರ್ಲಿ, ರೈ ಜೀವಮಾನವಿಡೀ ವರ್ಜ್ಯ. ಹಿಟ್ಟಿನ ಜರಡಿ, ಟೋಸ್ಟರ್, ಕರಿಯುವ ಎಣ್ಣೆ ಬೇರೆಯೇ ಇರಲಿ, ಟೋಸ್ಟರಿನ ತಳದಲ್ಲಿ ಉಳಿದ ಪುಡಿಯೂ ಅವಳ ತಟ್ಟೆಗೆ ಬರಬಾರದು.

ಪ್ರಶ್ನೆ: ಕ್ರೋನ್ಸ್‌ಗೆ ಅಝಾಥಯೋಪ್ರಿನ್ ತೆಗೆದುಕೊಳ್ಳುತ್ತೇನೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಸೇವಿಸಲೇ?

ಉತ್ತರ: ಬೇಡ. ಇಲ್ಲಿ ಆ ಶಕ್ತಿ ದಾರಿತಪ್ಪಿ ನಿಮ್ಮದೇ ಕರುಳಿನ ಮೇಲೆ ಎರಗಿದೆ. ಮಾತ್ರೆ ಅದನ್ನು ತಗ್ಗಿಸುತ್ತಿದೆ, ಹಾಗಾಗಿ ಸೋಂಕು ಸುಲಭವಾಗಿ ತಗಲಬಹುದು. ಕಾಯಿಸದ ಹಾಲು, ಅರೆಬೆಂದ ಮೊಟ್ಟೆ ಮತ್ತು ಮಾಂಸ, ಹಸಿ ಮೊಳಕೆಕಾಳು ಬಿಡಿ. ಸಣ್ಣ ಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದಿದ್ದರೆ ಬಿ12 ಹೀರುವ ಜಾಗವೇ ಇಲ್ಲವಾಗಿರಬಹುದು. ರಕ್ತದಲ್ಲಿ ಅದರ ಮಟ್ಟ ನೋಡಿಸಿ; ಅಂಥವರಿಗೆ ಆಹಾರ ಸಾಲದು, ಸಾಮಾನ್ಯವಾಗಿ ಇಂಜೆಕ್ಷನ್ ಬೇಕಾಗುತ್ತದೆ.