ರಾತ್ರಿಯಿಡೀ ರೆಂಡರ್‌ಗೆ ಹಾಕುವುದು ಬಿಟ್ಟು ರಿಯಲ್-ಟೈಮ್‌ಗೆ ಬರಬಹುದೇ?

ಸ್ಕೆಚ್‌ಅಪ್‌ನಲ್ಲಿ ಮನೆಗಳ ತ್ರೀಡಿ ಮಾದರಿ ಮಾಡಿ, ಅದರಿಂದ ನಿಜದಂಥ ಚಿತ್ರ ತೆಗೆಯಲು ವಿ-ರೇ ಸಾಫ್ಟ್‌ವೇರ್‌ನಲ್ಲಿ ರಾತ್ರಿಯಿಡೀ ರೆಂಡರ್‌ಗೆ ಹಾಕುತ್ತೀರಿ, ಬದಲಾಯಿಸಿದ ಕೂಡಲೇ ಚಿತ್ರ ಕಾಣುವ ರಿಯಲ್-ಟೈಮ್‌ಗೆ ಬಂದರೆ ಚಿತ್ರದ ಗುಣಮಟ್ಟ ಬೀಳುತ್ತದೆಯೇ ಅಂತ ಕೇಳಿದ್ದೀರಿ. ನಾನೂ ಬಳ್ಳಾರಿಯಲ್ಲಿ ಇದೇ ಕೆಲಸ ಮಾಡುವವನು. ಧೈರ್ಯವಾಗಿ ಬನ್ನಿ. ಸಮಯ ಉಳಿಯುವುದು ಸರಿಯೇ, ಆದರೆ ನಮ್ಮೂರಿನವರಿಗೆ ಅದಕ್ಕಿಂತ ದೊಡ್ಡ ಲಾಭ, ಮನೆಯೊಳಗೆ ಬಿಸಿಲು ಎಲ್ಲಿ ಬೀಳುತ್ತದೆಂದು ಕೂತಲ್ಲೇ ನೋಡಬಹುದಾದದ್ದು.

ಮೊದಲು ಗುಣಮಟ್ಟದ ಮಾತು ಮುಗಿಸುತ್ತೇನೆ. ಹಿಂದೆ ಈ ರಿಯಲ್-ಟೈಮ್ ಸಾಫ್ಟ್‌ವೇರ್‌ಗಳು ಬೆಳಕನ್ನು ಬಹುಮಟ್ಟಿಗೆ ಅಂದಾಜಿನಲ್ಲೇ ತೋರಿಸುತ್ತಿದ್ದವು. ಪರದೆಯಲ್ಲಿ ಕಂಡದ್ದಷ್ಟೇ ಗ್ರಾನೈಟ್ ನೆಲದಲ್ಲಿ ಪ್ರತಿಫಲಿಸುತ್ತಿತ್ತು, ಕ್ಯಾಮೆರಾ ಹಿಂದಿನ ಗೋಡೆ ಕನ್ನಡಿಯಲ್ಲಿ ಬರುತ್ತಿರಲಿಲ್ಲ. ಅನ್‌ರಿಯಲ್ ಎಂಜಿನ್ ಎಂಬ ಗೇಮ್ ಸಾಫ್ಟ್‌ವೇರ್‌ನಲ್ಲಿ ಒಳ್ಳೆಯ ಬೆಳಕು ಬೇಕೆಂದರೆ ಅದನ್ನು ಮೊದಲೇ ಬೇಕ್ ಮಾಡಿಡಬೇಕಿತ್ತು, ಅಂದರೆ ಲೆಕ್ಕ ಹಾಕಿ ಗೋಡೆ-ನೆಲಕ್ಕೆ ಅಂಟಿಸಿಡಬೇಕಿತ್ತು; ಒಂದು ಕಿಟಕಿ ಸರಿಸಿದರೂ ಮತ್ತೆ ಬೇಕ್. 2018ರಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳು ಬಂದವು. ಯಾವ ಕಿರಣ ಯಾವ ಮೇಲ್ಮೈಗೆ ತಾಗುತ್ತದೆ ಎಂಬ ಲೆಕ್ಕಕ್ಕೇ ಅವುಗಳಲ್ಲಿ ಪ್ರತ್ಯೇಕ ಭಾಗವಿದೆ. 2022ರ ಅನ್‌ರಿಯಲ್ 5ರಲ್ಲಿ ಬೆಳಕನ್ನು ಆಗಿಂದಾಗಲೇ ಲೆಕ್ಕ ಹಾಕುವ ಲ್ಯೂಮೆನ್ ಬಂದ ಮೇಲೆ ಬೇಕ್ ಮಾಡುವ ಗೋಳು ತಪ್ಪಿತು. ಅದೇ ಲ್ಯೂಮೆನ್ ಈಗ ಟ್ವಿನ್‌ಮೋಷನ್ ಎಂಬ ರಿಯಲ್-ಟೈಮ್ ಸಾಫ್ಟ್‌ವೇರ್‌ನಲ್ಲಿದೆ. ಅಂಥದ್ದೇ ಲ್ಯೂಮಿಯನ್ ಕೂಡ 2023ರ ಆವೃತ್ತಿಯಲ್ಲಿ ರೇ ಟ್ರೇಸಿಂಗ್, ಅಂದರೆ ಈ ಕಿರಣಗಳ ಲೆಕ್ಕ, ತಂದಿತು.

ಕೊರತೆ ಇಲ್ಲವೆಂದಲ್ಲ. ಕೆಲವೇ ಕಿರಣಗಳ ಲೆಕ್ಕ ಹಾಕಿ, ಬರುವ ಕಾಳುಕಾಳು ಚಿತ್ರವನ್ನು ಡಿನಾಯ್ಸರ್ ಎಂಬ ಸಾಧನದಿಂದ ನಯಮಾಡುವುದೇ ಇದರ ಗುಟ್ಟು. ಹಾಗಾಗಿ ಒಂದೇ ಸಣ್ಣ ಕಿಟಕಿಯ ಪಡಸಾಲೆ, ಕತ್ತಲ ದೇವರಮನೆ ಇಂಥಲ್ಲಿ ಗೋಡೆ ಕಲೆಕಲೆಯಾಗಿ ಮಿನುಗುತ್ತದೆ. ಅಂಥ ಕೊನೆಯ ಚಿತ್ರಗಳಿಗೆ, ನಿಧಾನವಾದರೂ ಕಿರಣಗಳನ್ನು ಪೂರ್ತಿ ಲೆಕ್ಕ ಹಾಕುವ ಪಾತ್ ಟ್ರೇಸರ್ ಹಾಕಿ, ಇಲ್ಲವೇ ನಿಮ್ಮ ವಿ-ರೇಯನ್ನೇ ಇಟ್ಟುಕೊಳ್ಳಿ.

ಈಗ ಬಿಸಿಲು. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಉತ್ತರದಿಂದ ಬಿಸಿಲು ಬರುವುದಿಲ್ಲ ಎಂದು ನಂಬಿ ಆ ಕಡೆ ಚಜ್ಜಾ ಇಲ್ಲದ ದೊಡ್ಡ ಗಾಜು ಕೇಳುವವರು ಎಷ್ಟೋ ಮಂದಿ. ನಾನು ಮಾತಿನಲ್ಲಿ ವಾದಿಸುವುದಿಲ್ಲ. ಸೈಟಿನ ಅಕ್ಷಾಂಶ, ದಿಕ್ಕು ಸರಿಯಾಗಿ ಕೊಟ್ಟು, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೂನ್ ತಿಂಗಳ ಒಂದು ದಿನವನ್ನು ಪರದೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಸಮಯ ಎಳೆದು ತೋರಿಸುತ್ತೇನೆ. ಬೆಳಿಗ್ಗೆ ಆ ಗಾಜಿನೊಳಗೆ ಬಿಸಿಲು ಓರೆಯಾಗಿ ಬೀಳುವುದನ್ನು ಅವರೇ ನೋಡುತ್ತಾರೆ. ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಬೆಡ್‌ರೂಮಿನಲ್ಲಿ ಚಜ್ಜಾದ ಕೆಳಗಿಂದ ನುಗ್ಗಿದ ಬಿಸಿಲು ಮಂಚ ಮುಟ್ಟುತ್ತದೆ. ಕೂತಲ್ಲೇ ಕಿಟಕಿ ಕಿರಿದಾಗುತ್ತದೆ, ಬಿಸಿಲು ತಡೆಯಲು ತೂತುತೂತಿನ ಜಾಲಿ ಗೋಡೆ ಬರುತ್ತದೆ. ರಾತ್ರಿಗೊಂದು ಚಿತ್ರ ಬರುವ ಪದ್ಧತಿಯಲ್ಲಿ ಈ ಮಾತುಕತೆಗೆ ಜಾಗವೇ ಇರಲಿಲ್ಲ. ಒಂದು ಎಚ್ಚರಿಕೆ: ಇದು ಬೆಳಕು ತೋರಿಸುತ್ತದೆ, ಶಾಖ ಲೆಕ್ಕ ಹಾಕುವುದಿಲ್ಲ. "ಈ ಕೋಣೆ ತಂಪಾಗಿರುತ್ತೆ" ಅಂತ ಇದನ್ನು ತೋರಿಸಿ ಮಾತು ಕೊಡಬೇಡಿ.

ನೆಲದ ಬಣ್ಣವನ್ನೂ ನಿಜದ್ದೇ ಹಾಕಿ. ಸಂಡೂರಿನ ಕಡೆಯ ಕೆಂಪು ಮಣ್ಣಿನ ಸೈಟಾದರೆ ನೆಲದಿಂದ ಪುಟಿದ ಬೆಳಕಿನಿಂದ ಬಿಳಿ ಚಜ್ಜಾದ ಅಡಿಭಾಗಕ್ಕೆ ಕೆಂಪು ಹತ್ತುತ್ತದೆ. ಸಿರುಗುಪ್ಪದ ಎರೆ ನೆಲದಲ್ಲಿ ಅದೇ ಚಜ್ಜಾ ಮಂಕಾಗುತ್ತದೆ. ಸಾಫ್ಟ್‌ವೇರ್‌ನ ಲೈಬ್ರರಿಯಲ್ಲಿರುವ ಹಸಿರು ಲಾನ್ ಹಾಸಿದರೆ ಎರಡೂ ಸುಳ್ಳಾಗುತ್ತವೆ. ಮರಗಳ ವಿಷಯವೂ ಅಷ್ಟೇ. ಬೇವು, ಹೊಂಗೆ ಹುಡುಕಿ ಹಾಕಿ.

ಶುರುವಿಗೆ ದುಡ್ಡು ಕೊಡಬೇಕಿಲ್ಲ. ವರ್ಷದ ಆದಾಯ 10 ಲಕ್ಷ ಡಾಲರ್ ಒಳಗಿರುವವರಿಗೆ ಟ್ವಿನ್‌ಮೋಷನ್ ಉಚಿತ, ಅಂಥದ್ದೇ ಡಿ5 ರೆಂಡರ್‌ಗೂ ಉಚಿತ ಆವೃತ್ತಿ ಇದೆ. ಎನ್‌ಸ್ಕೇಪ್ ಸ್ಕೆಚ್‌ಅಪ್ ಒಳಗೇ ಓಡುತ್ತದೆ, ತುಂಬಾ ಸಲೀಸು, ಆದರೆ ಹಣ ಕೊಡಬೇಕು. ಗ್ರಾಫಿಕ್ಸ್ ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇರಲಿ, 12 ಇದ್ದರೆ ನೆಮ್ಮದಿ. ಲ್ಯಾಪ್‌ಟಾಪ್ ಮಾತ್ರ ಬೇಡ. ನಮ್ಮ ಏಪ್ರಿಲ್ ಸೆಕೆಗೆ ಬಿಸಿಯಾಗಿ ವೇಗ ತಾನೇ ಇಳಿಸಿಕೊಳ್ಳುತ್ತದೆ. ಡೆಸ್ಕ್‌ಟಾಪ್ ತಗೊಳ್ಳಿ, ಜೊತೆಗೆ ಒಂದು ಗಟ್ಟಿ ಯುಪಿಎಸ್.