ಡಿಲೀಟ್ ಆಗದ ಫೋಲ್ಡರ್

ನಾನು ಆಪ್ತಸಲಹೆಗಾರ್ತಿ. ಬೆಳಗಾವಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಇರುವ ಊರು. ಹೀಗಾಗಿ ನನ್ನ ಬಳಿ ಬರುವವರಲ್ಲಿ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರಿಗೇನೂ ಕಡಿಮೆಯಿಲ್ಲ. ಮೊದಲು ನಿದ್ದೆಯ ಮಾತು, ಆಮೇಲೆ ಅಸಿಡಿಟಿ, ಕೊನೆಗೆ ಪಿಎಚ್‌ಡಿ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸು. ಕಲಿಸುವುದು ಕಂಪ್ಯೂಟರ್ ನೆಟ್‌ವರ್ಕಿಂಗ್. ಟವರಿಲ್ಲದೆ ಸಾಧನಗಳೇ ಒಂದರಿಂದೊಂದಕ್ಕೆ ಮಾಹಿತಿ ದಾಟಿಸುವ ಅಡ್‌ಹಾಕ್ ಜಾಲದಲ್ಲಿ ಸಂಶೋಧನೆ. ಮಾಹಿತಿ ಯಾವ ದಾರಿಯಲ್ಲಿ ಸಾಗಬೇಕೆಂದು ಗೊತ್ತುಮಾಡುವ ಎಒಡಿವಿ ಎಂಬ ಹಳೆಯ ಪ್ರೋಟೋಕಾಲ್‌ಗಿಂತ ತಮ್ಮದು ಮೇಲೆಂದು ತೋರಿಸಬೇಕಿತ್ತು. ಬಡ್ತಿ ನಿಂತಿತ್ತು. ಪಂಚಮಿಗೆ ಹೆಂಡತಿಯ ತವರಿಗೆ ಹೋದರೆ 'ಡಾಕ್ಟರ್ ಯಾವಾಗ ಆಗೂದ್ರಿ?' ಇಷ್ಟು ಸಾಕು.

ಒಂದು ದಿನ ಲ್ಯಾಪ್‌ಟಾಪ್ ತಂದು ಗ್ರಾಫ್ ತೆರೆದರು. ಅವರ ಪ್ರೋಟೋಕಾಲಿನ ನೀಲಿ ಗೆರೆ ಎಒಡಿವಿಯ ಕೆಂಪು ಗೆರೆಗಿಂತ ಚೆನ್ನಾಗಿ ಮೇಲೇರಿತ್ತು. "ಚಂದ ಬಂದೈತಲ್ರಿ ಮೇಡಂ?" ಎಂದವರ ಮುಖದಲ್ಲಿ ಚಂದವೇನೂ ಇರಲಿಲ್ಲ. ಕೇಳಿದಾಗ ತಾವೇ ಬಿಡಿಸಿ ಹೇಳಿದರು: ಜಾಲವನ್ನು ಕಂಪ್ಯೂಟರಿನಲ್ಲೇ ಅನುಕರಿಸಿ ಪರೀಕ್ಷಿಸುವ ಸಿಮ್ಯುಲೇಟರ್‌ಗೆ ಸೀಡ್ ಎಂಬ ಸಂಖ್ಯೆ ಕೊಡಬೇಕು, ಅದು ಬದಲಾದರೆ ನೋಡ್‌ಗಳ, ಅಂದರೆ ಜಾಲದ ಸಾಧನಗಳ, ಓಡಾಟ ಬದಲಾಗುತ್ತದೆ, ಫಲಿತಾಂಶವೂ ಬದಲಾಗುತ್ತದೆ. ಅದಕ್ಕೇ ಹಲವು ಸೀಡ್‌ಗಳಲ್ಲಿ ಓಡಿಸಿ ಸರಾಸರಿ ಕೊಡುವುದು ಪದ್ಧತಿ. ಇದು ಒಂದೇ ಸೀಡಿನ ಗ್ರಾಫ್. ಸರಾಸರಿ ತೆಗೆದರೆ ಎರಡೂ ಗೆರೆ ಒಂದರ ಮೇಲೊಂದು ಕೂರುತ್ತಿದ್ದವು.

"ಉಳಿದವು ಎಲ್ಲಿ?"

"ಬ್ಯಾರೆ ಫೋಲ್ಡರಿನ್ಯಾಗ ಅದಾವ್ರಿ. ದಿನಾ ರಾತ್ರಿ ಡಿಲೀಟ್ ಮಾಡಾಕ ಕುಂದರ್ತೀನಿ. ಕೈ ಬರವಲ್ದು."

ಗಡುವಿನ ಒತ್ತಡಕ್ಕೆ ನಿದ್ದೆ ಹೋಗಿದೆ ಎಂದು ಅವರೂ ನಂಬಿದ್ದರು, ಮನೆಯವರೂ ನಂಬಿದ್ದರು. ನಾನು ಗಡುವಿನ ಮಾತು ಬಿಟ್ಟು, ಯಾವ ಪಾಠ ಮಾಡುವಾಗ ಖುಷಿ ಎಂದು ಕೇಳಿದೆ. 1986ರ ಅಕ್ಟೋಬರ್‌ನ ಕಥೆ ಹೇಳಿದರು. ಅಮೆರಿಕದ ಬರ್ಕ್ಲಿಯಲ್ಲಿ ನಾನೂರು ಗಜದ ಅಂತರದ ಎರಡು ಕೇಂದ್ರಗಳ ನಡುವೆ ಮಾಹಿತಿಯ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತಂತೆ. ಸಂಶೋಧಕ ವ್ಯಾನ್ ಜೇಕಬ್‌ಸನ್ ಆ ಕುಸಿತದ ಬೆನ್ನು ಹತ್ತಿದರು. 1988ರಲ್ಲಿ ಜಾಲದ ದಟ್ಟಣೆ ನಿಯಂತ್ರಣದ ಬಗ್ಗೆ ಅವರ ಪ್ರಬಂಧ ಬಂತು. ಹೇಳುತ್ತಾ ಹೇಳುತ್ತಾ ದನಿ ಗಟ್ಟಿಯಾಯಿತು. ಆಮೇಲೆ ಲ್ಯಾಪ್‌ಟಾಪ್ ತಾವೇ ಮುಚ್ಚಿದರು.

ಆ ಗ್ರಾಫ್ ಕಳಿಸಬೇಡಿ ಎಂದು ನೇರವಾಗಿಯೇ ಹೇಳಿದೆ. ಸಲಹೆಗಾರರು ಹೀಗೆ ತೀರ್ಪು ಕೊಡಬಾರದು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಲಿ. ತಪ್ಪೆಂದು ಅವರಿಗೇ ಗೊತ್ತಿರುವುದನ್ನು 'ಎಲ್ಲಾರೂ ಮಾಡ್ತಾರ ಬಿಡ್ರಿ' ಎಂದು ನಾನು ಸವರಿದರೆ ನನ್ನ ಫೀಸು ಬಂದೀತು, ಅವರ ನಿದ್ದೆ ಬಾರದು.

ಬರೀ ಧೈರ್ಯ ಹೇಳಿದರೆ ಸಾಲದು, ದಾರಿಯೂ ಬೇಕು. ಪಿಎಚ್‌ಡಿ ನೋಂದಣಿ ಯಾವ ನಿಯಮದಡಿ ಆಗಿದೆ ಎಂದು ಮೊದಲು ನೋಡಿಸಿದೆ. ಯುಜಿಸಿಯ 2022ರ ನಿಯಮದಲ್ಲಿ ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೂ 2. ಮಹಿಳೆಯರಿಗೆ ಅದರ ಮೇಲೂ 2 ವರ್ಷದ ಸಡಿಲಿಕೆ ಇದೆ. ಇದು ಗೊತ್ತಿಲ್ಲದೆ ಅಳುತ್ತಾ ಬಂದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಎರಡನೆಯದು, ಗೈಡ್ ಮುಂದೆ ಬಾಯಿಮಾತು ಬೇಡ, ಎಲ್ಲ ಸೀಡ್‌ಗಳ ಪಟ್ಟಿಯನ್ನೇ ಇಡಿ ಎಂದೆ. ಹೆಂಡತಿಗೆ ಅದಕ್ಕೂ ಮೊದಲೇ ಹೇಳಬೇಕು. ತವರಿನವರಿಗೆ ಉತ್ತರ ಕೊಡುವವರು ಅವರೇ ತಾನೆ.

ಗೈಡ್ ಕೆಲವು ದಿನ ಮಾತು ಬಿಟ್ಟರು. ಆಮೇಲೆ, ನೋಡ್‌ಗಳ ವೇಗ ಹೆಚ್ಚಿದಂತೆ ಸುಧಾರಣೆ ಯಾಕೆ ಕರಗುತ್ತದೆ ಎಂಬುದನ್ನೇ ಅಧ್ಯಾಯ ಮಾಡಲು ಒಪ್ಪಿದರು. ಪ್ರಬಂಧ ಇನ್ನೂ ಸಲ್ಲಿಕೆಯಾಗಿಲ್ಲ, ಬಡ್ತಿಯೂ ಬಂದಿಲ್ಲ. ನಿದ್ದೆ ಮಾತ್ರೆಯನ್ನು ವೈದ್ಯರು ಅರ್ಧಕ್ಕೆ ಇಳಿಸಿದ್ದಾರೆ.