ಆ ಮೊದಲ 37 ನಿಮಿಷ ಮತ್ತೆ ನೋಡಿ

ಪ್ರಿಯರೇ, ನಮಸ್ಕಾರ.

ಕಡಿಮೆ ದುಡ್ಡಿನ ಜಾಂಬಿ (ಸತ್ತ ಮೇಲೆ ಎದ್ದು ನಡೆಯುವ ಹೆಣ) ಹಾಸ್ಯಚಿತ್ರಗಳ ಬಗ್ಗೆ ನೀವು ಕಳಿಸಿದ 'ಕೆಟ್ಟದ್ದೇ ಚೆಂದ' ಲೇಖನ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಮಾಡಲಾರೆ. ಹಾಗಂತ ಪಕ್ಕಕ್ಕಿಡಲೂ ಮನಸ್ಸಿಲ್ಲ. ಈ ಚಿತ್ರಗಳನ್ನು ಇಷ್ಟು ಪ್ರೀತಿಯಿಂದ ನೋಡಿ ಕನ್ನಡದಲ್ಲಿ ಬರೆಯುವವರು ಅಪರೂಪ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ಮೇಕಪ್ಪು ಕಳಪೆ, ನಟನೆ ಪೇಲವ, ರಕ್ತ ಬರೀ ಬಣ್ಣದ ನೀರು, ಆ ಕೆಟ್ಟತನವೇ ನಮ್ಮನ್ನು ನಗಿಸುತ್ತದೆ. ನಾನು ಒಪ್ಪುವುದಿಲ್ಲ. ಕೆಟ್ಟ ಸಿನಿಮಾ ನೋಡಿ ಹತ್ತು ನಿಮಿಷ ನಗಬಹುದು, ಆಮೇಲೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ನೀವಾದರೋ ಕೆಂಗೇರಿಯ ರೂಮಿನಲ್ಲಿ ಗೆಳೆಯರ ಜೊತೆ ಬೆಳಗಿನ ಜಾವದವರೆಗೆ ಕೂತು ನೋಡಿದ್ದೀರಿ. ಹಾಗೆ ಕೂರಿಸಿದ್ದು ಏನು ಅನ್ನುವುದನ್ನು ಲೇಖನ ಎಲ್ಲೂ ಹೇಳುವುದಿಲ್ಲ.

ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017) ಬಗ್ಗೆ ನಿಮ್ಮ ಸಾಲು: "ಮೊದಲ ಅರ್ಧ ಗಂಟೆ ಹೇಗೋ ಸಹಿಸಿಕೊಂಡರೆ ಆಮೇಲೆ ಮಜಾ." ಲೇಖನ ದಾರಿ ತಪ್ಪಿದ್ದು ಇಲ್ಲೇ. ಆ ಮೊದಲ 37 ನಿಮಿಷ ಒಂದೇ ಶಾಟ್, ನಡುವೆ ಎಲ್ಲೂ ಕತ್ತರಿಸಿಲ್ಲ. ಪಾತ್ರಗಳು ಕಾರಣವಿಲ್ಲದೆ ಸುಮ್ಮನಾಗುತ್ತವೆ, ಕೂತು 'ನಿಮ್ಮ ಹವ್ಯಾಸ ಏನು' ಅಂತ ಕೇಳಿಕೊಳ್ಳುತ್ತವೆ, ಕ್ಯಾಮೆರಾ ನೆಲಕ್ಕೆ ಬಿದ್ದು ಅಲ್ಲೇ ಇರುತ್ತದೆ. ಇದೆಲ್ಲ ಟಿವಿಯಲ್ಲಿ ನೇರಪ್ರಸಾರವಾಗುತ್ತಿದ್ದ ಕಾರ್ಯಕ್ರಮ ಅಂತ ಆಮೇಲೆ ಗೊತ್ತಾಗುತ್ತದೆ. ಒಬ್ಬ ನಟ ಕುಡಿದು ಮೈಮರೆತಿದ್ದಾನೆ, ಇನ್ನೊಬ್ಬನಿಗೆ ಹೊಟ್ಟೆ ಕೆಟ್ಟಿದೆ, ಕ್ಯಾಮೆರಾದವನು ಬೆನ್ನುನೋವಿನಿಂದ ಬಿದ್ದಿದ್ದಾನೆ. ನಿಮಗೆ ಪೇಲವವಾಗಿ ಕಂಡ ಒಂದೊಂದು ಮೌನದ ಹಿಂದೆಯೂ ಯಾರೋ ಒದ್ದಾಡುತ್ತಿದ್ದರು. ಕೊನೆಗೆ ಕ್ಯಾಮೆರಾ ಎತ್ತುವ ಕ್ರೇನ್ ಕೈಕೊಟ್ಟಾಗ ತಂಡದವರೆಲ್ಲ ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ ಆ ಎತ್ತರದ ಶಾಟನ್ನು ತೆಗೆಯುತ್ತಾರೆ. ಅಲ್ಲಿ ನಗುತ್ತಲೇ ಗಂಟಲು ಕಟ್ಟುತ್ತದೆ. ಕೆಲಸ ನಿಲ್ಲಬಾರದು ಅನ್ನುವ ಅವರ ಹಟ ನಮ್ಮದೂ ಆಗಿಬಿಟ್ಟಿರುತ್ತದೆ. ಇದನ್ನು ಕೆಟ್ಟತನ ಅಂತ ಕರೆದರೆ ಆ ಬೆನ್ನುಗಳಿಗೆ ಅನ್ಯಾಯ. ಸುಮಾರು 30 ಲಕ್ಷ ಯೆನ್ನಿನಲ್ಲಿ, ಹೆಸರಿಲ್ಲದ ನಟರನ್ನು ಕಟ್ಟಿಕೊಂಡು ಮಾಡಿದ ಈ ಚಿತ್ರ ಜಪಾನಿನಲ್ಲೇ 300 ಕೋಟಿ ಯೆನ್ ದಾಟಿತು. ಬರೀ ಗೇಲಿ ಮಾಡಲು ಅಷ್ಟು ಜನ ಟಿಕೆಟ್ ಕೊಳ್ಳುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಕೊಂಡೇ ಇಲ್ಲ: ಬಡ ನಿರ್ದೇಶಕರು ಜಾಂಬಿಯನ್ನೇ ಯಾಕೆ ಹಿಡಿಯುತ್ತಾರೆ? ಜಾಂಬಿಗೆ ರೆಕ್ಕೆ ಬೇಡ, ಕೋಟೆ ಬೇಡ, ಗ್ರಾಫಿಕ್ಸ್ ಬೇಡ. ಹರಿದ ಅಂಗಿ ಹಾಕಿಕೊಂಡು ಕಾಲೆಳೆಯುತ್ತಾ ನಡೆಯಬಲ್ಲ ಅಕ್ಕಪಕ್ಕದವರಿದ್ದರೆ ಸಾಕು. ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ 1968ರಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ್ದು ಸುಮಾರು 1,14,000 ಡಾಲರಿನಲ್ಲಿ. ಕಪ್ಪುಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ ಆ ಚಿತ್ರ ಎಲ್ಲರ ಸೊತ್ತಾಯಿತು, ಯಾರು ಬೇಕಾದರೂ ತೋರಿಸಬಹುದಿತ್ತು. ಅದು ಹಾಸ್ಯವಲ್ಲ ನಿಜ, ಆದರೆ ಬೇರು ಅಲ್ಲಿದೆ. ನೀವು 2004ರ ಬ್ರಿಟಿಷ್ ಜಾಂಬಿ ಹಾಸ್ಯಚಿತ್ರ 'ಶಾನ್ ಆಫ್ ದಿ ಡೆಡ್'ನಿಂದ ಕತೆ ಶುರು ಮಾಡಿದ್ದೀರಿ.

ನಗು ಎಲ್ಲಿಂದ ಬಂತು ಅಂದರೆ, ನನ್ನ ಮಟ್ಟಿಗೆ ಆ ನಿಧಾನದ ನಡಿಗೆಯಿಂದ. ಸಾವು ಅಷ್ಟು ನಿಧಾನಕ್ಕೆ ಬರುವಾಗ ಜಗಳಕ್ಕೆ ಪುರಸೊತ್ತು ಸಿಗುತ್ತದೆ. 'ಶಾನ್ ಆಫ್ ದಿ ಡೆಡ್'ನಲ್ಲಿ ಹಿತ್ತಲಿಗೆ ಬಂದ ಜಾಂಬಿಗಳ ಮೇಲೆ ಎಸೆಯಲು ಗ್ರಾಮಫೋನ್ ತಟ್ಟೆ ಹುಡುಕುತ್ತಾ, ಯಾವುದನ್ನು ಎಸೆಯಬಹುದು, ಯಾವುದನ್ನು ಕೂಡದು ಅಂತ ಗೆಳೆಯರಿಬ್ಬರು ಚರ್ಚಿಸುತ್ತಾರಲ್ಲ, ಆ ದೃಶ್ಯ ಬಿಡಿಸಿ ಬರೆಯಿರಿ. ನೀವು ಕೊಟ್ಟ ಹದಿನೆಂಟು ಚಿತ್ರಗಳ ಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ.

ಬೆಂಗಳೂರನ್ನು ತಂದದ್ದು ಒಳ್ಳೆಯದು, ತಂದ ರೀತಿ ಸರಿಯಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರೆಲ್ಲ ಜಾಂಬಿಗಳು ಅನ್ನುವುದು ಊರೆಲ್ಲ ಹೇಳಿ ಸವೆದ ಮಾತು. ಜೊತೆಗೆ ದಿನಾ ಎರಡು ಗಂಟೆ ಬಸ್ಸಿನಲ್ಲಿ ನಿಂತು ಮನೆ ಸೇರುವವರನ್ನು ಹೆಣ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಇದೇ ಊರಿನಲ್ಲಿ ತೊಂಬತ್ತರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅನ್ನುವ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ದೆವ್ವ ಅದನ್ನು ಓದಿ ವಾಪಸಾಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ನಿಜವಾಗಿ ಹೆದರಿದ ಜನ ಒಂದು ಸೀಮೆಸುಣ್ಣದ ಖರ್ಚಿನಲ್ಲಿ ಕಂಡುಕೊಂಡ ಉಪಾಯ ಇದು, ಕೇಳಿದರೆ ಇವತ್ತಿಗೂ ನಗು ಬರುತ್ತದೆ. ನಿಮ್ಮ ಚಿತ್ರಗಳ ನಂಟು ಇಲ್ಲಿದೆ. ನಿಮ್ಮ ಬೀದಿಯ ಹಿರಿಯರನ್ನು ಮಾತಾಡಿಸಿ, ಅವರ ಮನೆಯ ಬಾಗಿಲ ಮೇಲೆ ಬರೆದವರು ಯಾರು, ಅಳಿಸಿದ್ದು ಯಾವಾಗ, ಎಲ್ಲ ಕೇಳಿ.

ತಿದ್ದಬೇಕಾದ ವಿವರವೂ ಇದೆ. 'ಶಾನ್' ಅರವತ್ತು ಲಕ್ಷ ಡಾಲರಿನ ಆಸುಪಾಸಿನ ಚಿತ್ರ. ಹಿಂದಿಯ 'ಗೋ ಗೋವಾ ಗಾನ್'ನಲ್ಲಿ (2013) ಸೈಫ್ ಅಲಿ ಖಾನ್ ಅವರಂಥ ತಾರೆಯೇ ಇದ್ದಾರೆ. ಇವುಗಳ ಬಗ್ಗೆ ಬರೆಯಿರಿ, ಆದರೆ ಕೈಯಲ್ಲಿ ಕಾಸಿಲ್ಲದವರ ಸಾಲಿನಲ್ಲಿ ನಿಲ್ಲಿಸಬೇಡಿ. ಶೀರ್ಷಿಕೆ ಬದಲಿಸಿ. 1,200 ಪದ ಮೀರದಿರಲಿ. ನೇರವಾಗಿ ನನ್ನ ಹೆಸರಿಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ನಿಮ್ಮ,
ಸಂಪಾದಕ